ಆ ಊರಿನ ಜಗಲಿ ಎಲ್ಲಿದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ಒಂದು ಮಾತು ಬರೆದಿದ್ದೆ. ಹೊಸ ಊರಿಗೆ ಹೋದಾಗ ಕೋಟೆ, ಅರಮನೆ, ಗೋಪುರ ನೋಡುವ ಮೊದಲು ಮನೆ ಬಾಗಿಲಿಗೂ ರಸ್ತೆಗೂ ನಡುವೆ ಇರುವ ಮೂರು ನಾಲ್ಕು ಅಡಿ ಜಾಗವನ್ನು ನೋಡಿ ಎಂದು. ಜಗಲಿಯೋ, ಕಟ್ಟೆಯೋ, ವರಾಂಡವೋ, ಬರೀ ಎರಡು ಮೆಟ್ಟಿಲೋ, ಏನಾದರೂ ಇರಲಿ. ಅಲ್ಲಿ ಯಾರು ಕೂತಿದ್ದಾರೆ, ಗುರುತಿಲ್ಲದವರು ಕೂರಬಹುದಾ ಅಂತ ನೋಡಿದರೆ ಊರು ಅರ್ಧ ಅರ್ಥವಾಗುತ್ತದೆ ಎಂದಿದ್ದೆ. ತುಂಬಾ ಪತ್ರ ಬಂದಿವೆ. ಕೆಲವರು ಮುಂದಿನ ಪ್ರವಾಸಕ್ಕೆ ದಾರಿ ಕೇಳಿದ್ದೀರಿ. ಒಬ್ಬರು ಸರಿಯಾಗಿ ತರಾಟೆಗೆ ತೆಗೆದುಕೊಂಡಿದ್ದೀರಿ. ಆ ಪತ್ರವನ್ನೂ ಸೇರಿಸಿದ್ದೇನೆ.

ಪ್ರಶ್ನೆ: ಮೇಡಂ, ನವೆಂಬರ್‌ನಲ್ಲಿ ನಾನು, ನಮ್ಮ ಮನೆಯವರು ಅಹಮದಾಬಾದಿಗೆ ಹೋಗ್ತಾ ಇದ್ದೀವಿ. ಮೂರು ದಿನ ಇರ್ತೀವಿ. ಪ್ರತಿ ಸಲ ಟೂರ್ ಮುಗಿಸಿ ಬಂದು ಫೋಟೋ ನೋಡಿದರೆ ಎಲ್ಲಾ ಊರೂ ಒಂದೇ ಥರ ಕಾಣುತ್ತೆ. ಹಿಂದೆ ಒಂದು ಗುಂಬಜ್, ಮುಂದೆ ನಾವಿಬ್ಬರು. ಈ ಸಲ ಊರನ್ನೇ ನೋಡಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?
(ಗೃಹಿಣಿ, ದಾವಣಗೆರೆ)

ಉತ್ತರ: ಪೋಳ್‌ಗಳಿಂದ ಶುರು ಮಾಡಿ. ಸಾಬರಮತಿ ನದಿಯ ಪೂರ್ವದ ದಡದಲ್ಲಿ ಹಳೆ ಊರಿದೆ, 1411ರಲ್ಲಿ ಅಹಮದ್ ಶಾ ಕಟ್ಟಿಸಿದ್ದು. 2017ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ನಗರ ಎಂದು ಗುರುತಿಸಿತು. ನಮ್ಮ ದೇಶದಲ್ಲಿ ಒಂದು ನಗರಕ್ಕೆ ಆ ಹೆಸರು ಸಿಕ್ಕಿದ್ದು ಅದೇ ಮೊದಲು. ಮಸೀದಿಗಳ ಕಲ್ಲಿನ ಜಾಲರಿಯ ಜೊತೆ ಈ ಪೋಳ್‌ಗಳಿಗೂ ಅದರಲ್ಲಿ ದೊಡ್ಡ ಪಾಲಿದೆ.

ಪೋಳ್ ಅಂದರೆ ಹೆಬ್ಬಾಗಿಲು ಇರುವ ಕೇರಿ ಅನ್ನಿ. ಗದ್ದಲದ ರಸ್ತೆಯಿಂದ ಹೆಬ್ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ಸಣ್ಣ ಓಣಿ, ಆ ಓಣಿಗೆ ಮತ್ತೆ ಕವಲು, ಕವಲಿನ ಕೊನೆಗೆ ಎಷ್ಟೋ ಕಡೆ ದಾರಿ ನಿಂತೇ ಹೋಗುತ್ತದೆ. ಹಿಂದೆ ರಾತ್ರಿ ಹೊತ್ತು ಆ ಬಾಗಿಲು ಹಾಕುತ್ತಿದ್ದರು. ಒಳಗೆ ಓಣಿ ಸ್ವಲ್ಪ ಅಗಲವಾದ ಕಡೆ ಒಂದು ಎತ್ತರದ ಕಂಬ, ಅದರ ತುದಿಯಲ್ಲಿ ಪುಟ್ಟ ಮಂಟಪ ಕಾಣುತ್ತದೆ. ಅದು ಚಬೂತರೋ, ಹಕ್ಕಿಗಳಿಗೆ ಕಾಳು ಹಾಕುವ ಜಾಗ. ಮನುಷ್ಯರು ಇಷ್ಟು ಒತ್ತೊತ್ತಾಗಿ ಬದುಕುವ ಕಡೆ ಹಕ್ಕಿಗೂ ಒಂದು ಮನೆ ಕಟ್ಟಿದ್ದಾರಲ್ಲ ಅಂತ ನನಗೆ ಮೊದಲ ಸಲ ನೋಡಿದಾಗ ಗಂಟಲು ಕಟ್ಟಿತ್ತು.

ಮನೆಗಳ ಮುಂಭಾಗ ಕಿರಿದು, ಒಳಗೆ ಉದ್ದ. ಅಕ್ಕಪಕ್ಕದ ಮನೆಗೆ ಗೋಡೆ ಅಂಟಿಕೊಂಡೇ ಇರುತ್ತದೆ. ಮರದ ಚೌಕಟ್ಟು, ಕೆತ್ತನೆಯ ಕಂಬ, ಮೇಲಿನ ಮಹಡಿ ಸ್ವಲ್ಪ ಮುಂದಕ್ಕೆ ಚಾಚಿರುತ್ತದೆ. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಆಗ ಎದುರುಬದುರು ಗೋಡೆಗಳೇ ಒಂದಕ್ಕೊಂದು ನೆರಳು. ಓಣಿ ಇಷ್ಟು ಇಕ್ಕಟ್ಟು ಯಾಕೆ ಅಂತ ಮಧ್ಯಾಹ್ನ ಹನ್ನೆರಡಕ್ಕೆ ನಡೆದರೆ ಮೈಗೇ ಗೊತ್ತಾಗುತ್ತದೆ. ಮನೆ ನಡುವೆ ಚೌಕ, ನಮ್ಮ ತೊಟ್ಟಿ ಮನೆಯ ತೆರೆದ ಅಂಗಳ ಇದ್ದ ಹಾಗೆ. ಬಹಳ ಮನೆಗಳಲ್ಲಿ ಅದರ ಕೆಳಗೆ ಟಾಂಕು, ಅಂದರೆ ನೆಲದೊಳಗಿನ ನೀರಿನ ತೊಟ್ಟಿ. ಮಾಡಿನ ಮಳೆ ನೀರು ಕೊಳವೆಯಲ್ಲಿ ಇಳಿದು ಅಲ್ಲಿ ಸೇರುತ್ತದೆ. ಬೆಳಕು ಬೀಳದ ಕಾರಣ ಪಾಚಿ ಕಟ್ಟುವುದಿಲ್ಲ. ಯಾರಾದರೂ ಕರೆದು ತೋರಿಸಿದರೆ ಬಿಡಬೇಡಿ.

ಇನ್ನು ಬಾಗಿಲ ಮುಂದಿನ ಓಟ್ಲೋ. ಅದೇ ಅವರ ಜಗಲಿ. ಸೊಪ್ಪು ಬಿಡಿಸುವುದು, ಹಪ್ಪಳ ಒಣಗಿಸುವುದು, ಮಕ್ಕಳಿಗೆ ಪಾಠ, ಸ್ಕೂಟರ್ ರಿಪೇರಿ, ಎಲ್ಲಾ ಅಲ್ಲೇ. ನಾನು ಒಂದು ಓಟ್ಲೋ ಪಕ್ಕ ನಿಂತು ನಕ್ಷೆ ಗೀಚುತ್ತಿದ್ದಾಗ ಅಲ್ಲಿದ್ದ ಅಜ್ಜಿ ಒಂದು ಮಾತೂ ಆಡದೆ ಮೆಂತ್ಯ ಸೊಪ್ಪಿನ ಬುಟ್ಟಿಯನ್ನು ಆಚೆ ಸರಿಸಿದರು. ಕೂತುಕೋ ಅಂತ ಅರ್ಥ. ಅರ್ಧ ಗಂಟೆ ಕೂತೆ. ಆ ಅರ್ಧ ಗಂಟೆಯಲ್ಲಿ ಕಂಡದ್ದು ಹಿಂದಿನ ಎರಡು ದಿನದಲ್ಲಿ ಕಂಡಿರಲಿಲ್ಲ.

1997ರಿಂದ ಅಲ್ಲಿನ ಪಾಲಿಕೆ ಬೆಳಗಿನ ಹೆರಿಟೇಜ್ ವಾಕ್ ನಡೆಸುತ್ತಿದೆ. ಕಾಲುಪುರದ ಸ್ವಾಮಿನಾರಾಯಣ ಮಂದಿರದಿಂದ ಜಾಮಾ ಮಸೀದಿಯವರೆಗೆ. ಮೊದಲ ದಿನ ಅದರಲ್ಲಿ ಹೋಗಿ, ಎರಡನೇ ದಿನ ಅದೇ ದಾರಿಯಲ್ಲಿ ನೀವಿಬ್ಬರೇ ಹೋಗಿ. ಮಸೀದಿ ಹತ್ತಿರದ ಮಾಣೇಕ್ ಚೌಕವನ್ನು ಮಾತ್ರ ದಿನಕ್ಕೆ ಮೂರು ಸಲ ನೋಡಿ. ಬೆಳಗ್ಗೆ ತರಕಾರಿ, ಹಗಲು ಚಿನ್ನ ಬೆಳ್ಳಿ ವ್ಯಾಪಾರ, ಅಂಗಡಿ ಮುಚ್ಚಿದ ಮೇಲೆ ಅದೇ ನೆಲದ ಮೇಲೆ ತಿಂಡಿ ಗಾಡಿಗಳು. ಒಂದೇ ಮೂಲೆಯಲ್ಲಿ ನಿಂತು ಮೂರೂ ಹೊತ್ತು ಫೋಟೋ ತೆಗೆಯಿರಿ. ಆ ಮೂರನ್ನು ಪಕ್ಕಪಕ್ಕ ಇಟ್ಟರೆ ಬೇರೆ ಯಾವ ಊರಿನ ಥರವೂ ಕಾಣುವುದಿಲ್ಲ.

ಪ್ರಶ್ನೆ: ನಮಸ್ಕಾರ. ನಾನು ಶಾಲಾ ಮಾಸ್ತರ. ನಮ್ಮ ಕಡೆ ಜಗಲಿಗೆ ಕಟ್ಟೆ ಅಂತೀವಿ. ಬೇಸಿಗೆ ರಜೆಯಲ್ಲಿ ಜೈಪುರ, ಚಂಡೀಗಢ ಎರಡೂ ನೋಡಿ ಬಂದೆ. ಎರಡೂ ಗೆರೆ ಹಾಕಿ ಕಟ್ಟಿದ ಊರು ಅಂತಾರೆ. ಆದರೆ ಜೈಪುರದಾಗ ಎಷ್ಟು ನಡೆದರೂ ದಣಿವಾಗಲಿಲ್ಲ, ಚಂಡೀಗಢದಾಗ ಅರ್ಧ ತಾಸಿಗೇ ಬ್ಯಾಸರಾತು. ಹಿಂಗ್ಯಾಕ?
(ಶಿಕ್ಷಕರು, ಹುಬ್ಬಳ್ಳಿ)

ಉತ್ತರ: ಮಾಸ್ತರ್ರೇ, ನಿಮ್ಮ ಕಾಲು ಸರಿಯಾಗಿಯೇ ಹೇಳಿದೆ. ಆದರೆ ಚಂಡೀಗಢದ ವಿಷಯದಲ್ಲಿ ನೀವು ನಡೆದ ರಸ್ತೆ ಯಾವುದು ಅನ್ನುವುದೂ ಮುಖ್ಯ.

ಜೈಪುರ 1727ರಲ್ಲಿ ಶುರುವಾದದ್ದು. ಸವಾಯಿ ಜೈಸಿಂಗ್ ರಾಜ, ವಿದ್ಯಾಧರ ಭಟ್ಟಾಚಾರ್ಯ ಯೋಜನೆ ಹಾಕಿದವರು. ಒಂಬತ್ತು ಚೌಕಗಳ ಲೆಕ್ಕ. ವಾಯವ್ಯಕ್ಕೆ ಬೆಟ್ಟ ಅಡ್ಡ ಬಂದಿತ್ತು, ಆ ಚೌಕವನ್ನು ಎತ್ತಿ ಬೇರೆ ಕಡೆ ಸೇರಿಸಿದರು. ಕಾಗದದ ಗೆರೆಗಿಂತ ನೆಲ ದೊಡ್ಡದು ಅಂತ ಒಪ್ಪಿಕೊಂಡ ಈ ಒಂದು ಕೆಲಸಕ್ಕೇ ನನಗೆ ಆ ಊರಿನ ಮೇಲೆ ಗೌರವ. ದೊಡ್ಡ ರಸ್ತೆ 111 ಅಡಿ ಅಗಲ, ಆಮೇಲಿನದು ಸುಮಾರು ಅದರ ಅರ್ಧ, ಅದರ ಅರ್ಧ, ಮತ್ತೆ ಅದರ ಅರ್ಧ. ಹೀಗಾಗಿ ದೊಡ್ಡ ಬಜಾರಿನಿಂದ ಮನೆಯ ಓಣಿಗೆ ಬರುವಾಗ ರಸ್ತೆ ಮೆಲ್ಲಗೆ ಸಣ್ಣದಾಗುತ್ತಾ ಬರುತ್ತದೆ, ಒಮ್ಮೆಲೇ ಅಲ್ಲ.

111 ಅಡಿ ಕಡಿಮೆ ಅಗಲವೇನಲ್ಲ. ಆದರೂ ಯಾಕೆ ದಣಿವಾಗಲಿಲ್ಲ ಅಂದರೆ ಅಂಚಿನ ತುಂಬಾ ಅಂಗಡಿ ಇದೆ. ಹತ್ತು ಹೆಜ್ಜೆಗೆ ಒಂದು ಬಾಗಿಲು, ಒಂದು ಮುಖ, ಒಂದು ಮಾತು. ಬಳೆ, ಪಾತ್ರೆ, ರಜಾಯಿ, ಲಸ್ಸಿ. ಜೊತೆಗೆ ತಲೆ ಮೇಲೆ ನೆರಳು. ಅಂಗಡಿಗಳ ಮುಂದೆ ಉದ್ದಕ್ಕೂ ವರಾಂಡ ನೋಡಿದ್ದೀರಲ್ಲ, ಅದು ಜೈಸಿಂಗನ ಕಾಲದ್ದಲ್ಲ, 1940ರ ದಶಕದ್ದು. ಆಗ ಜೈಪುರ ಸಂಸ್ಥಾನದ ಪ್ರಧಾನಿಯಾಗಿದ್ದವರು ನಮ್ಮ ಮಿರ್ಜಾ ಇಸ್ಮಾಯಿಲ್! 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದು ಆಮೇಲೆ ಜೈಪುರಕ್ಕೆ ಹೋದವರು. ಅಲ್ಲಿ ಅವರ ಹೆಸರಿನ ಎಂ.ಐ. ರೋಡ್ ಈಗಲೂ ದೊಡ್ಡ ರಸ್ತೆ. ಮೈಸೂರಲ್ಲಿ ವೃತ್ತ, ಉದ್ಯಾನ, ದೀಪ ಅಂತ ಊರನ್ನು ಚಂದ ಮಾಡಿದ ಮನುಷ್ಯ ಜೈಪುರಕ್ಕೆ ಹೋಗಿ ನಡೆಯುವವರಿಗೆ ನೆರಳು ಕೊಟ್ಟರು. ನೀವು ದಣಿಯದೇ ಇದ್ದದ್ದಕ್ಕೆ ಅವರ ಪಾಲೂ ಇದೆ.

ಚಂಡೀಗಢದ ಲೆಕ್ಕವೇ ಬೇರೆ. ಅಲ್ಲಿ ಒಂದು ಸೆಕ್ಟರ್ ಅಂದರೆ 800 ಮೀಟರ್ ಅಗಲ, 1200 ಮೀಟರ್ ಉದ್ದ. ಊರಿನ ಯೋಜನೆ ಹಾಕಿದ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ರಸ್ತೆಗಳನ್ನು ವಿ1ರಿಂದ ವಿ7ರವರೆಗೆ ಏಳು ಬಗೆ ಮಾಡಿದರು. ಸೆಕ್ಟರ್ ಸುತ್ತ ಹೋಗುವ ವಿ3 ರಸ್ತೆ ವೇಗದ ಗಾಡಿಗಳಿಗೆ. ಅದರ ಕಡೆಗೆ ಮನೆಗಳು ಬಾಗಿಲು ತೆರೆಯುವಂತಿಲ್ಲ. ನೀವು ಬೇಸರಪಟ್ಟುಕೊಂಡು ನಡೆದದ್ದು ಬಹುಶಃ ಅಲ್ಲೇ. ಕಿಲೋಮೀಟರ್‌ಗಟ್ಟಲೆ ಮರ, ಹಿತ್ತಿಲ ಗೋಡೆ, ಮತ್ತೆ ಮರ. ಇಡೀ ಊರು ನಿಮಗೆ ಬೆನ್ನು ಹಾಕಿ ಕೂತ ಹಾಗೆ. ಆದರೆ ಸೆಕ್ಟರ್ ಒಳಗೆ ಹೋಗಿದ್ದರೆ ವಿ4 ಸಿಗುತ್ತಿತ್ತು, ಅಂಗಡಿ ಬೀದಿ. ಅಂಗಡಿಗಳು ಒಂದೇ ಬದಿಗೆ, ಸಾಮಾನಿಗೆ ಬಂದವರು ಪದೇ ಪದೇ ರಸ್ತೆ ದಾಟಬೇಕಿಲ್ಲ. ಅದರಾಚೆ ಉದ್ದಕ್ಕೂ ಹಸಿರು ಪಟ್ಟಿ, ಅಲ್ಲಿ ಶಾಲೆ, ಮಕ್ಕಳು. ಮುಂದಿನ ಸಲ ಸೆಕ್ಟರ್ 22ಕ್ಕೆ ಹೋಗಿ. ಮೊದಮೊದಲು ಕಟ್ಟಿದ ಸೆಕ್ಟರ್‌ಗಳಲ್ಲಿ ಅದೊಂದು. ಕಾರ್ಬೂಸಿಯೆ ಜೊತೆಗಿದ್ದ ವಾಸ್ತುಶಿಲ್ಪಿಗಳಾದ ಪಿಯರ್ ಜಾನ್ನರೆ, ಮ್ಯಾಕ್ಸ್‌ವೆಲ್ ಫ್ರೈ, ಜೇನ್ ಡ್ರೂ ಸೇರಿ ಮಾಡಿದ ಸಣ್ಣ ಸಣ್ಣ ಸರ್ಕಾರಿ ಮನೆಗಳು, ಇಟ್ಟಿಗೆಯ ಜಾಲರಿ, ಮುಂದೆ ಮಂಚ ಹಾಕಿಕೊಂಡು ಕೂತ ಹಿರಿಯರು. ಚಂಡೀಗಢಕ್ಕೂ ಕಟ್ಟೆ ಇದೆ ಮಾಸ್ತರ್ರೇ, ಒಳಗೆ ಅಡಗಿದೆ. ಹೊರಗಿನಿಂದ ಬಂದವರಿಗೆ ಅದು ಸುಲಭಕ್ಕೆ ಸಿಗದಂತೆ ಮಾಡಿದ್ದು ಆ ಯೋಜನೆಯ ತಪ್ಪು ಅಂತಲೇ ನಾನು ಹೇಳುತ್ತೇನೆ.

ಪ್ರಶ್ನೆ: ಟೇಪ್ ಇಲ್ಲದೆ ಓಣಿಯ ಅಗಲ, ಮನೆ ಎತ್ತರ ಅಳೆಯೋದು ಹೇಗೆ?
(ಡಿಪ್ಲೊಮಾ ವಿದ್ಯಾರ್ಥಿ, ತುಮಕೂರು)

ಉತ್ತರ: ಮೊದಲು ಮನೆಯಲ್ಲೇ ಹತ್ತು ಹೆಜ್ಜೆ ಸಹಜವಾಗಿ ನಡೆದು ಅಳತೆ ಮಾಡಿ, ಹತ್ತರಿಂದ ಭಾಗಿಸಿಕೊಳ್ಳಿ. ಅದು ನಿಮ್ಮ ಹೆಜ್ಜೆ. ಗೇಣು ಎಷ್ಟು ಇಂಚು ಅಂತಲೂ ನೋಡಿಕೊಳ್ಳಿ, ಜಗಲಿಯ ಎತ್ತರ, ಮೆಟ್ಟಿಲು ಇದಕ್ಕೆಲ್ಲ ಗೇಣೇ ಸಾಕು. ಮನೆ ಎತ್ತರಕ್ಕೆ ಮಹಡಿ ಎಣಿಸಿ, ಒಂದು ಮಹಡಿಗೆ ಹತ್ತು ಅಡಿ ಹಿಡಿಯಿರಿ, ಹಳೆ ಮನೆಯಾದರೆ ಸ್ವಲ್ಪ ಕಡಿಮೆ. ಆಮೇಲೆ ಎರಡನ್ನೂ ಪಕ್ಕಪಕ್ಕ ಬರೆಯಿರಿ: ಓಣಿ 10 ಅಡಿ, ಮನೆ 30 ಅಡಿ. ಎತ್ತರ ಅಗಲಕ್ಕಿಂತ ಜಾಸ್ತಿ ಇದ್ದರೆ ನೆರಳು, ತಂಪು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವ ಓಣಿ. ಅಗಲ ತುಂಬಾ ಜಾಸ್ತಿಯಾದರೆ ಬಿಸಿಲು, ಮೆರವಣಿಗೆ, ವ್ಯಾಪಾರ. ಹತ್ತು ಊರು ಹೀಗೆ ಬರೆದಿಟ್ಟುಕೊಂಡರೆ ನಿಮ್ಮ ಮೇಷ್ಟ್ರಿಗೇ ಪಾಠ ಹೇಳಬಹುದು.

ಪ್ರಶ್ನೆ: ನಾನು ಸಿಂಗಾಪುರದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಅಪ್ಪ ಅಮ್ಮ ಮೊದಲ ಸಲ ಬರ್ತಿದ್ದಾರೆ. ಎತ್ತರದ ಕಟ್ಟಡ, ಮಾಲ್ ತೋರಿಸಿದರೆ ಒಂದು ದಿನಕ್ಕೆ ಸಾಕು ಅಂತಾರೆ, ಅವರ ಸ್ವಭಾವ ಗೊತ್ತು. ಇಲ್ಲಿ ಜಗಲಿ ಅಂತ ಏನಾದರೂ ಇದೆಯಾ?
(ಮೂಲತಃ ಶಿವಮೊಗ್ಗದವರು)

ಉತ್ತರ: ಇದೆ, ಅದೂ ಕಾನೂನಿನ ಪ್ರಕಾರ ಕಟ್ಟಿದ್ದು. 1822ರಲ್ಲಿ ಬ್ರಿಟಿಷ್ ಅಧಿಕಾರಿ ರಾಫೆಲ್ಸ್ ಊರಿನ ಯೋಜನೆಗೆ ನಿಯಮ ಬರೆದಾಗ, ಅಂಗಡಿ ಮನೆಗಳ ಮುಂದೆ ಮಾಡು ಇರುವ ವರಾಂಡ ಬಿಡಬೇಕು, ಅದು ಬೀದಿಯ ಉದ್ದಕ್ಕೂ ಒಂದಕ್ಕೊಂದು ಸೇರಬೇಕು, ಯಾವಾಗಲೂ ತೆರೆದಿರಬೇಕು ಎಂದು ಹಾಕಿದರು. ಐದು ಅಡಿ ದಾರಿ ಅಂತಲೇ ಅದಕ್ಕೆ ಹೆಸರು ಬಂತು. ಮಲಯ ಭಾಷೆಯಲ್ಲಿ ಕಾಕಿ ಲಿಮಾ, ಕಾಕಿ ಅಂದರೆ ಅಡಿ, ಲಿಮಾ ಅಂದರೆ ಐದು. ಜಾಗ ಮನೆಯವರದ್ದು, ನಡೆಯುವ ಹಕ್ಕು ಎಲ್ಲರದ್ದು. ನಮ್ಮಲ್ಲಿ ಫುಟ್‌ಪಾತ್ ಸರ್ಕಾರದ್ದು, ಆದರೂ ಅದರ ಮೇಲೆ ಮನೆಯವರ ಜನರೇಟರ್ ಇರುತ್ತದೆ ಅಲ್ವಾ, ಅದನ್ನು ನೆನೆದರೆ ಈ ನಿಯಮದ ಬೆಲೆ ಗೊತ್ತಾಗುತ್ತದೆ.

ಲಿಟಲ್ ಇಂಡಿಯಾದಲ್ಲಿ ಮಳೆ ಬರುವಾಗ ಅವರನ್ನು ಕರೆದುಕೊಂಡು ಹೋಗಿ. ಛತ್ರಿ ಇಲ್ಲದೆ ಎಷ್ಟು ದೂರ ಹೋಗಬಹುದು ಅಂತ ನಡೆದು ನೋಡಿ. ಹೂವಿನವರು, ತರಕಾರಿ, ಕುರ್ಚಿ ಹಾಕಿಕೊಂಡು ಪೇಪರ್ ಓದುವವರು, ಎಲ್ಲಾ ಆ ಐದು ಅಡಿಯಲ್ಲೇ. ಅಪ್ಪನಿಗೆ ಅಂಗಡಿ ಮನೆಯ ಒಳಗೂ ತೋರಿಸಿ, ಹಳೆ ಹೋಟೆಲ್ ಯಾವುದಾದರೂ ಸಿಕ್ಕೀತು. ಮುಂದೆ ಕಿರಿದು, ಒಳಗೆ ಉದ್ದ, ನಡುವೆ ಬೆಳಕು ಗಾಳಿಗೆ ತೆರೆದ ತೊಟ್ಟಿ. ಶಿವಮೊಗ್ಗದವರಿಗೆ ವಿವರಿಸಿ ಹೇಳುವುದೇ ಬೇಡ.

ಆಮೇಲೆ ನೀವು ಇರುವ ಕಡೆಗೇ ಬನ್ನಿ. ಸಿಂಗಾಪುರದಲ್ಲಿ ಬಹುಪಾಲು ಜನ ಇರುವುದು ಎಚ್‌ಡಿಬಿಯ, ಅಂದರೆ ಅಲ್ಲಿನ ಗೃಹ ಮಂಡಳಿಯ, ಸರ್ಕಾರಿ ಫ್ಲ್ಯಾಟ್‌ಗಳಲ್ಲಿ. 1970ರ ದಶಕದಿಂದ ಆ ಕಟ್ಟಡಗಳ ನೆಲಮಹಡಿಯಲ್ಲಿ ಮನೆ ಕಟ್ಟದೆ ಬರೀ ಕಂಬ ನಿಲ್ಲಿಸಿ ಖಾಲಿ ಬಿಡುತ್ತಾ ಬಂದರು. ಅದಕ್ಕೆ ವಾಯ್ಡ್ ಡೆಕ್ ಅಂತಾರೆ. ಶನಿವಾರ ಅಲ್ಲಿ ಮಲಯರ ಮದುವೆ ಊಟ, ಮುಂದಿನ ವಾರ ಅದೇ ಜಾಗದಲ್ಲಿ ಚೀನೀಯರ ಮನೆಯ ಸಾವಿನ ವಿಧಿ, ಉಳಿದ ದಿನ ಕಲ್ಲಿನ ಮೇಜಿನ ಮೇಲೆ ಚದುರಂಗ ಆಡುವ ತಾತಂದಿರು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲೂ ಕೆಳಗೆ ಹೀಗೇ ಕಂಬಗಳಿವೆ. ಅದೇ ಎತ್ತರ, ಅದೇ ನೆರಳು. ನಾವು ಅಲ್ಲಿ ಕಾರು ನಿಲ್ಲಿಸಿದೆವು. ನಮ್ಮ ಕಟ್ಟಡದಲ್ಲಿ ಒಬ್ಬರು ತೀರಿಕೊಂಡಾಗ ಹತ್ತು ಕಾರು ಆಚೆ ತೆಗೆಸಿ ಜಾಗ ಮಾಡಬೇಕಾಯಿತು, ಮೂರು ಕಾರಿನ ಮಾಲೀಕರು ಊರಲ್ಲಿರಲಿಲ್ಲ. ಆ ಮನೆಯ ಜನ ಎರಡು ಕಾರಿನ ನಡುವೆ ನಿಂತು ಅತ್ತಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದು ಮಾತು ಸೇರಿಸಬೇಕು. ಅದೇ 1822ರ ಯೋಜನೆ ಚೀನೀಯರಿಗೆ ಒಂದು ಕಡೆ, ಭಾರತದಿಂದ ಬಂದವರಿಗೆ ಒಂದು ಕಡೆ, ಯುರೋಪಿನವರಿಗೆ ಇನ್ನೊಂದು ಕಡೆ ಅಂತ ಊರನ್ನು ಹಂಚಿತ್ತು. ಜನರನ್ನು ಬೇರೆ ಮಾಡಿದ ಕೈಯೇ ಎಲ್ಲರೂ ನಡೆಯುವ ದಾರಿಯನ್ನೂ ಬರೆದಿತ್ತು. ಇದು ಮುಂದಿನ ಪತ್ರಕ್ಕೂ ಸಂಬಂಧಪಟ್ಟ ಮಾತು.

ಪ್ರಶ್ನೆ: ಮೇಡಂ, ಜಗಲಿ ಜಗಲಿ ಅಂತ ಬರೀತೀರಲ್ಲ, ನಮ್ಮ ಅಜ್ಜ ಯಾರ ಜಗಲಿ ಮೇಲೂ ಕೂತವರಲ್ಲ, ಕೂರೋಕೆ ಬಿಟ್ಟವರಿಲ್ಲ. ಅಂಗಳದ ಮೂಲೆಯಲ್ಲಿ ನಿಂತು ಕೂಲಿ ಕಾಸು ತಗೊಂಡು ಬರ್ತಿದ್ದರಂತೆ. ಆ ಜಗಲಿಗಳು ಬಿದ್ದುಹೋದವು ಅಂತ ನಾನ್ಯಾಕೆ ಬೇಜಾರು ಮಾಡಿಕೊಳ್ಳಲಿ? ನಮ್ಮನ್ನು ಕೂರಿಸಿದ್ದು ಬಸ್ ಸ್ಟ್ಯಾಂಡಿನ ಸಿಮೆಂಟ್ ಬೆಂಚು.
(ಬ್ಯಾಂಕ್ ಉದ್ಯೋಗಿ, ಚಿತ್ರದುರ್ಗ)

ಉತ್ತರ: ಬೇಜಾರು ಮಾಡಿಕೊಳ್ಳಬೇಕಿಲ್ಲ. ನಿಮ್ಮ ಪತ್ರ ಓದಿ ಎರಡು ದಿನ ಏನೂ ಬರೆಯಲಿಲ್ಲ. ಕಳೆದ ತಿಂಗಳೇ ನಾನು ಬರೆಯಬೇಕಾಗಿದ್ದನ್ನು ನೀವು ಬರೆದಿದ್ದೀರಿ.

ಮಲೆನಾಡಿನ ನಮ್ಮ ಅಜ್ಜಿ ಮನೆಯ ಜಗಲಿ ಊರಿಗೇ ದೊಡ್ಡದು. ಮದುವೆ ದಿಬ್ಬಣ ಬಂದರೆ ಅಷ್ಟೂ ಜನ ಅಲ್ಲೇ ಕೂರುತ್ತಿದ್ದರು. ತೋಟದ ಕೆಲಸಕ್ಕೆ ಬಂದವರು ಮಾತ್ರ ಅಂಗಳದಲ್ಲಿ. ಅಜ್ಜಿ ಜಗಲಿ ಮೇಲಿಂದ ಬಗ್ಗಿ, ಅವರ ಬೊಗಸೆಗೆ ನೀರು ಎತ್ತರದಿಂದ ಸುರಿಯುತ್ತಿದ್ದಳು. ನನಗಾಗ ಏಳೋ ಎಂಟೋ ವರ್ಷ. ನೀರು ಬೀಳುವುದು ಚಂದ ಅಂತ ನೋಡುತ್ತಿದ್ದೆ. ಅದು ಏನು ಅಂತ ಅರ್ಥವಾಗಲು ಇನ್ನೂ ಹತ್ತು ವರ್ಷ ಬೇಕಾಯಿತು. ಆ ಎರಡಡಿ ಎತ್ತರ ಮಳೆ ನೀರಿಗೆ, ಹಾವು ಹುಳಕ್ಕೆ ಅಂತ ಕಟ್ಟಿದ್ದು ನಿಜ. ಮನುಷ್ಯರನ್ನು ಮೇಲೆ ಕೆಳಗೆ ಮಾಡಿದ್ದೂ ಅಷ್ಟೇ ನಿಜ.

ಮೇಲೆ ಹೊಗಳಿದ ಪೋಳ್‌ಗಳ ಕಥೆಯೂ ಬೇರೆಯಲ್ಲ. ಬಹುಮಟ್ಟಿಗೆ ಒಂದು ಪೋಳ್‌ನಲ್ಲಿ ಒಂದೇ ಜಾತಿ ಅಥವಾ ಒಂದೇ ಧರ್ಮದವರು. ರಾತ್ರಿ ಹಾಕುತ್ತಿದ್ದ ಹೆಬ್ಬಾಗಿಲು ಕಳ್ಳರಿಗೆ ಮಾತ್ರ ಹಾಕಿದ್ದಲ್ಲ. ಬೆಂಗಳೂರಿನ ಮಲ್ಲೇಶ್ವರಂನಂಥ ಹಳೆ ಬಡಾವಣೆಗಳಲ್ಲಿ ಮನೆ ಹಿಂದೆ ಕನ್ಸರ್ವೆನ್ಸಿ ಓಣಿಗಳಿವೆ. ಮುಂದೆ ಚಂದದ ಗೇಟು, ಮಂಕಿ ಟಾಪ್ ಕಿಟಕಿ, ಅಂದರೆ ಮೇಲೆ ಚೂಪಾದ ಮರದ ಮಾಡು ಇರುವ ಕಿಟಕಿ. ಹಿಂದೆ ಈ ಕಿರಿದಾದ ಓಣಿ, ಮಲ ಹೊರುವವರು ಯಾರ ಕಣ್ಣಿಗೂ ಬೀಳದೆ ಬಂದು ಹೋಗಲಿ ಅಂತ. ಈಗ ಕೆಲವನ್ನು ಶುಚಿ ಮಾಡಿ ಗೋಡೆಗೆ ಬಣ್ಣ ಹಚ್ಚಿದ್ದಾರೆ, ಮಕ್ಕಳು ನಡೆಯುತ್ತಾರೆ, ಸಂತೋಷ. ಆದರೆ ಆ ಓಣಿ ಯಾಕೆ ಇತ್ತು ಅಂತ ಗೋಡೆ ಮೇಲೆ ಎರಡು ಸಾಲು ಬರೆಯಬೇಕು ಅಂತ ನನ್ನ ಆಸೆ.

ಹಾಗಾಗಿ ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಊರು ನೋಡುವಾಗ ಜಗಲಿಯಲ್ಲಿ ಕೂತವರನ್ನು ನೋಡಿದರೆ ಸಾಲದು, ಅಂಗಳದಲ್ಲಿ ನಿಂತವರನ್ನೂ ನೋಡಬೇಕು. ನಿಮ್ಮ ಬಸ್ ಸ್ಟ್ಯಾಂಡಿನ ಬೆಂಚಿನ ಮಾತು ನನಗೆ ತುಂಬಾ ಹಿಡಿಸಿತು. ಅದು ಊರಿನ ಜಗಲಿಯೇ, ಯಾರ ಜಾತಿ ಕೇಳದ ಜಗಲಿ. ಅದಕ್ಕೇ ಹೊಸ ಬಸ್ ಶೆಲ್ಟರ್‌ಗಳಲ್ಲಿ ಬೆಂಚು ತೆಗೆದು ಓರೆ ಕಂಬಿ ಹಾಕಿದ್ದನ್ನು ಕಂಡರೆ ನನಗೆ ಸಿಟ್ಟು ಬರುವುದು. ದಣಿದ ಹೆಂಗಸು ಕೂರಲೂ ಆಗದೆ ಒರಗಲೂ ಆಗದೆ ನಿಂತಿರುತ್ತಾಳೆ.

ಪ್ರಶ್ನೆ: ತಮಿಳುನಾಡಿನ ಚೆಟ್ಟಿನಾಡಿಗೆ ಹೋಗಿದ್ದೆವು. ಅರ್ಧಕ್ಕರ್ಧ ಮನೆಗೆ ಬೀಗ. ಅಷ್ಟು ದೂರ ಹೋಗಿದ್ದು ದಂಡವಾಯಿತಾ?
(ನಿವೃತ್ತ ಅಧಿಕಾರಿ, ಮೈಸೂರು)

ಉತ್ತರ: ಇಲ್ಲ ಸರ್. ಬೀಗ ಹಾಕಿದ ಮನೆಗೂ ಹೊರಗೆ ತಿಣ್ಣೆ ಇರುತ್ತದೆ, ಅದೇ ಅವರ ಜಗಲಿ. ಅಲ್ಲಿನ ಕಾನಾಡುಕಾತ್ತಾನ್ ಊರಿನಲ್ಲಿ ಒಂದು ಮನೆಯ ಗೋಡೆಗುಂಟ ನಡೆಯುತ್ತಾ ಹೋಗಿದ್ದರೆ ಮುಂಬಾಗಿಲು ಒಂದು ಬೀದಿಗೆ, ಹಿಂಬಾಗಿಲು ಇನ್ನೊಂದು ಬೀದಿಗೆ ಇರುವುದು ಕಾಣುತ್ತಿತ್ತು. ಮನೆಯೇ ಬೀದಿಯಿಂದ ಬೀದಿಗೆ! ಬರ್ಮಾದಲ್ಲಿ ವ್ಯಾಪಾರ ಮಾಡಿದ ದುಡ್ಡು, ಅಲ್ಲಿನದೇ ತೇಗ, ಕನ್ನಡಿ ಹಾಗೆ ಹೊಳೆಯುವ ಸುಣ್ಣದ ಗಾರೆ. ಮುಂದಿನ ಸಲ ಆತ್ತಂಗುಡಿಗೆ ಹೋಗಿ, ಗಾಜಿನ ಹಲಗೆ ಮೇಲೆ ಕೈಯಲ್ಲೇ ಬಣ್ಣ ಸುರಿದು ನೆಲಕ್ಕೆ ಹಾಕುವ ಹೆಂಚು ಮಾಡುವುದನ್ನು ನೋಡಿ. ಅಲ್ಲಿ ಬೀಗ ಇರುವುದಿಲ್ಲ.

ಪ್ರಶ್ನೆ: ಮೇಡಂ, ನಾನು ಬಿ.ಎ. ಎರಡನೇ ವರ್ಷ. ಪರೀಕ್ಷೆ ಬರೆಯೋಕೆ ಬೆಂಗಳೂರಿಗೆ ಬರ್ತಿದ್ದೀನಿ, ಮರುದಿನ ರಾತ್ರಿ ರೈಲು. ಒಂದು ಹಗಲು ಸಿಗುತ್ತೆ. ಜೈಪುರ, ಸಿಂಗಾಪುರಕ್ಕೆ ಹೋಗೋಷ್ಟು ದುಡ್ಡು ನಮ್ಮ ಹತ್ರ ಇಲ್ಲ. ಬೆಂಗಳೂರಲ್ಲೇ ನೋಡಬಹುದಾ?
(ವಿದ್ಯಾರ್ಥಿನಿ, ಹಾವೇರಿ)

ಉತ್ತರ: ನೋಡಬಹುದಮ್ಮ, ಚೆನ್ನಾಗಿಯೇ ನೋಡಬಹುದು. ಬೆಳಗ್ಗೆ ಆರೂವರೆಗೆ ಕೆ.ಆರ್. ಮಾರ್ಕೆಟ್ಟಿಗೆ ಬಂದುಬಿಡು. 1921ರಲ್ಲಿ ಕಟ್ಟಿದ ಮಾರ್ಕೆಟ್ಟು. ಒಳಗೆ ಮೇಲಿನ ಮಹಡಿಗೆ ಹತ್ತಿ ಕೆಳಗೆ ನೋಡಿದರೆ ಸೇವಂತಿಗೆ ರಾಶಿ. ಆ ಹೊತ್ತಿಗೆ ಇಡೀ ಊರಿನಲ್ಲಿ ಅಷ್ಟು ಎಚ್ಚರ ಇರುವ ಜಾಗ ಇನ್ನೊಂದಿಲ್ಲ.

ಅಲ್ಲಿಂದ ಅವೆನ್ಯೂ ರೋಡ್ ಹಿಡಿದು ಉತ್ತರಕ್ಕೆ ನಡೆ. ಅದರ ಹಳೆ ಹೆಸರು ದೊಡ್ಡಪೇಟೆ. ಸ್ವಲ್ಪ ದೂರ ಹೋದರೆ ಅಡ್ಡಕ್ಕೆ ಚಿಕ್ಕಪೇಟೆ ಸಿಗುತ್ತದೆ. ಆ ಕೂಡುರಸ್ತೆಯಲ್ಲಿ ನಿಂತುಕೋ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ ಪೇಟೆ ಶುರುವಾದದ್ದು ಈ ಎರಡು ಬೀದಿಯಿಂದ ಅಂತ ಹೇಳುತ್ತಾರೆ. ದಕ್ಷಿಣೋತ್ತರ ಒಂದು, ಪೂರ್ವ ಪಶ್ಚಿಮ ಒಂದು. ಸುತ್ತಲಿನ ಹೆಸರುಗಳನ್ನು ಬೋರ್ಡ್ ಮೇಲೆ ಓದುತ್ತಾ ಹೋಗು: ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆ. ಇಲ್ಲೂ ಜಾತಿ, ಕಸುಬು ನೋಡಿಯೇ ಕೇರಿ ಹಂಚಿದ್ದರು. ಆದರೆ ವರ್ಷಕ್ಕೊಂದು ರಾತ್ರಿ ಧರ್ಮರಾಯನ ಗುಡಿಯಿಂದ ಕರಗ ಹೊರಟು ಈ ಪೇಟೆಗಳನ್ನೆಲ್ಲ ಸುತ್ತಿ, ಕಾಟನ್‌ಪೇಟೆಯ ಮಸ್ತಾನ್ ಸಾಬರ ದರ್ಗಾಕ್ಕೂ ಹೋಗಿ ಬರುತ್ತದೆ. ಹಗಲಲ್ಲಿ ಬೇರೆ ಬೇರೆ ಇರುವ ಓಣಿಗಳನ್ನು ಆ ಒಂದು ರಾತ್ರಿ ಮಲ್ಲಿಗೆಯ ದಾರಿಯೊಂದು ಹೊಲಿಯುತ್ತದೆ.

ಹತ್ತು ಗಂಟೆ ಒಳಗೆ ಜಗಲಿ ಹುಡುಕು, ಆಮೇಲೆ ಅಂಗಡಿಯವರು ಸಾಮಾನು ಹರವುತ್ತಾರೆ, ಏನೂ ಕಾಣುವುದಿಲ್ಲ. ಪೇಟೆಯಲ್ಲಿ ಮನೆಗಳು ಕಡಿಮೆಯಾಗಿವೆ. ಆದರೂ ಗಲ್ಲಿಗಳ ಒಳಗೆ ಶಟರ್ ಪಕ್ಕ ಒಂದೂವರೆ ಅಡಿ ಕಲ್ಲು ಚಪ್ಪಡಿ ಉಳಿದಿರುತ್ತದೆ, ಮೂಟೆ ಹೊರುವವರು ಅದರ ಮೇಲೆ ಕೂತು ಟೀ ಕುಡಿಯುತ್ತಾರೆ. ಒಬ್ಬ ಹುಡುಗಿ ಸುಮ್ನೆ ನಿಂತು ನೋಡಲು ಆ ಊರು ಬಿಡುತ್ತದಾ ಅಂತಲೂ ಗಮನಿಸು, ಅದನ್ನು ಬರೆದುಕೋ. ನಾನು ನಿನ್ನ ವಯಸ್ಸಿನಲ್ಲಿ ಅವೆನ್ಯೂ ರೋಡಿನ ಹಳೆ ಪುಸ್ತಕದ ಅಂಗಡಿಗಳ ಮುಂದೆ ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತಿದ್ದೆ. ಪುಸ್ತಕ ಕೈಯಲ್ಲಿದ್ದರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಮಧ್ಯಾಹ್ನ ಮೆಟ್ರೋದಲ್ಲಿ ಮಲ್ಲೇಶ್ವರಂಗೆ ಹೋಗು. 1898ರ ಪ್ಲೇಗ್ ಆದ ಮೇಲೆ ಪೇಟೆಯ ಇಕ್ಕಟ್ಟು ಬಿಟ್ಟು ಜನ ಬಂದು ನೆಲೆಸಿದ ಬಡಾವಣೆ. ಬೆಳಗ್ಗೆ ನೋಡಿದ ಗಲ್ಲಿಗೂ ಇಲ್ಲಿನ ನೇರ ಅಡ್ಡರಸ್ತೆಗೂ ನಡುವೆ ಆ ಒಂದು ರೋಗದ ಭಯ ಇದೆ. ಮುಂದಿನ ರಸ್ತೆಯಲ್ಲಿ ನಡೆದು, ಅದೇ ಮನೆಗಳ ಹಿಂದಿನ ಕನ್ಸರ್ವೆನ್ಸಿ ಓಣಿಯಲ್ಲಿ ವಾಪಸ್ ಬಾ. ಸಂಜೆ, ರಾತ್ರಿ ರೈಲು ಹತ್ತುವ ಮೊದಲು, ನೋಟ್‌ಬುಕ್‌ನಲ್ಲಿ ಎರಡರದ್ದೂ ಚಿತ್ರ ಬರೆದು ನನಗೆ ಕಳಿಸು. ಅಂದವಾಗಿ ಬರಬೇಕಿಲ್ಲ. ಯಾರು ಎಲ್ಲಿ ಕೂತಿದ್ದರು ಅನ್ನುವ ಕಡೆ ಒಂದೊಂದು ಚುಕ್ಕೆ ಇಟ್ಟಿರಬೇಕು, ಅಷ್ಟೇ.